ಹನ್ನೊಂದನೇ ಕೋಣೆಯ ಕೊಂಡಿ

ಮೂವತ್ತನಾಲ್ಕು ವರ್ಷ ಟೆಲಿಫೋನ್ ಕಂಬ ಹತ್ತಿ ಇಳಿದ ಮನುಷ್ಯನ ತಲೆಯಲ್ಲಿ ಒಂದು ನಂಬಿಕೆ ಬೇರೂರಿಬಿಡುತ್ತದೆ. ಮಾತು ದಾಟಬೇಕಾದರೆ ತಂತಿ ಬೇಕು. ತಂತಿ ಕಣ್ಣಿಗೆ ಕಾಣುತ್ತದೆ, ಕೈಗೆ ಸಿಗುತ್ತದೆ. ಕಡಿದರೆ ಅದರ ಗುಂಟ ನಡೆದು ಹೋದರಾಯಿತು, ಎಲ್ಲೋ ಒಂದು ಕಡೆ ಕೊಂಬೆ ಬಿದ್ದಿರುತ್ತದೆ, ಇಲ್ಲವೇ ಲಾರಿ ಗುದ್ದಿ ಕಂಬವೇ ಮಲಗಿರುತ್ತದೆ. ನಮ್ಮ ಲೈನ್‌ಮನ್ ಹಾಗೆ ನಡೆದ ದೂರವೆಷ್ಟು ಎಂದು ಅವನ ಎರಡು ಮಂಡಿಗಳನ್ನೇ ಕೇಳಬೇಕು. ನಿವೃತ್ತಿಯಾಗಿ ಎಂಟು ವರ್ಷ ಕಳೆದರೂ ಬೀದಿಯಲ್ಲಿ ಹೋಗುವಾಗ ಅವನ ಕಣ್ಣು ಮೇಲೆಯೇ ಇರುತ್ತಿತ್ತು. ಎರಡು ಸಲ ಚರಂಡಿಗೆ ಬಿದ್ದಿದ್ದ.

ಹೆಂಡತಿ ಸಿಕ್ಕಿದ್ದೂ ತಂತಿಯ ಮೇಲೆಯೇ. ಆಕೆ ಎಕ್ಸ್‌ಚೇಂಜಿನಲ್ಲಿ ಆಪರೇಟರ್. ಇವನು ಕಂಬದ ತುದಿಯಲ್ಲಿ ನೇತಾಡುತ್ತ "ಕೇಳಿಸ್ತಾ ಇದ್ಯಾ?" ಅನ್ನುತ್ತಿದ್ದ, ಆಕೆ "ಕೇಳಿಸ್ತಿದೆ, ಇಳೀರಿ ಕೆಳಗೆ" ಅನ್ನುತ್ತಿದ್ದಳು. ಮುಖ ನೋಡುವುದಕ್ಕೆ ಮುಂಚೆ ಒಂದೂವರೆ ವರ್ಷ ಇಷ್ಟೇ ಮಾತು. ಮದುವೆಯಾದ ಮೇಲೂ ಬಹಳವೇನೂ ಹೆಚ್ಚಲಿಲ್ಲವೆನ್ನಿ. ಮಕ್ಕಳಿಲ್ಲ. ಇಬ್ಬರೇ ಇದ್ದ ಮನೆಯಲ್ಲಿ ಒಬ್ಬರು ಕೆಮ್ಮಿದರೆ ಇನ್ನೊಬ್ಬರಿಗೆ ಅರ್ಥವಾಗುತ್ತಿತ್ತು.

ಆಕೆಗೆ ಮೆದುಳಿನಲ್ಲಿ ರಕ್ತ ಹೆಪ್ಪುಗಟ್ಟಿ ಎಡಗಾಲು ಸೋತಿತು. ಅದರ ಹಿಂದೆಯೇ ನೆನಪೂ ಸಡಿಲವಾಯಿತು. ಬೆಳಗ್ಗೆ ಸರಿಯಿದ್ದವಳು ಮಧ್ಯಾಹ್ನ "ನಾನು ಡ್ಯೂಟಿಗೆ ಹೋಗ್ಬೇಕು" ಎಂದು ಎದ್ದು ನಿಲ್ಲುತ್ತಿದ್ದಳು. ನಿಂತವಳು ಬೀಳುತ್ತಿದ್ದಳು. ಎತ್ತಿ ಕೂರಿಸಲು ಲೈನ್‌ಮನ್‌ನ ಸೊಂಟಕ್ಕೆ ಶಕ್ತಿಯಿರಲಿಲ್ಲ. ಎಷ್ಟು ದಿನ ಹಲ್ಲು ಕಚ್ಚಿ ನಡೆಸಿದರೂ ಕೊನೆಗೆ ಅವನೇ ಆಕೆಯನ್ನು ಆರೈಕೆ ನಿಲಯಕ್ಕೆ ಸೇರಿಸಬೇಕಾಯಿತು. ಅದರ ಎದುರು ಬೀದಿಯಲ್ಲಿ ತನಗೊಂದು ಕೋಣೆ ಮಾಡಿಕೊಂಡ. ಕೈಲಾಗದವನು ಎಂದು ತನ್ನನ್ನು ತಾನೇ ಬೈದುಕೊಂಡದ್ದು ಅವತ್ತೇ ಮೊದಲು.

ಆ ಕಟ್ಟಡ ಹಿಂದೆ ನೂಲಿನ ಗೋದಾಮಾಗಿತ್ತು. ಒಂದೊಂದು ಗೋಡೆಯೂ ಎರಡು ಮೊಳ ದಪ್ಪ. ಬಾಗಿಲ ಹತ್ತಿರ ಸಿಸ್ಟರ್ ಮೇಜು, ಅಲ್ಲಿಂದ ಉದ್ದಕ್ಕೆ ಒಂದು ಓಣಿ, ಹನ್ನೊಂದನೇ ಕೋಣೆಯ ಹತ್ತಿರ ಅದು ತಿರುಗಿ ಇನ್ನಷ್ಟು ಉದ್ದಕ್ಕೆ ಹೋಗುತ್ತದೆ. ತೀರಾ ಕೊನೆಯದು ಹತ್ತೊಂಬತ್ತನೇ ಕೋಣೆ. ಲೈನ್‌ಮನ್‌ನ ಹೆಂಡತಿ ಇದ್ದದ್ದು ಅಲ್ಲಿ, ಕಿವಿ ಕೇಳಿಸದ, ಮಂಚ ಬಿಟ್ಟು ಏಳದ ಇನ್ನೊಬ್ಬ ಹೆಂಗಸಿನ ಜೊತೆಗೆ. ಸೇರಿಸಿದ ದಿನವೇ ಆಕೆಯ ಮಣಿಕಟ್ಟಿಗೆ ಒಂದು ರಬ್ಬರಿನ ಪಟ್ಟಿ ಕಟ್ಟಿದರು. ಅದರ ಮೇಲೊಂದು ಗುಂಡಿ, ಗುಂಡಿಯ ಪಕ್ಕ ಸಾಸಿವೆಯಷ್ಟು ಹಸಿರು ದೀಪ. ಬಿದ್ದರೆ ಪಟ್ಟಿಗೆ ತಾನಾಗಿಯೇ ಗೊತ್ತಾಗುತ್ತದೆ, ಬೇಕೆಂದರೆ ಗುಂಡಿ ಒತ್ತಿ ಕರೆಯಲೂಬಹುದು, ಎರಡೂ ಸಿಸ್ಟರ್ ಮೇಜಿನ ಪರದೆಯ ಮೇಲೆ ಕಾಣುತ್ತವೆ ಎಂದರು.

"ತಂತಿ ಎಲ್ಲಿದೆ?" ಎಂದ ಲೈನ್‌ಮನ್.

ಪಟ್ಟಿ ಕಂಪನಿಯಿಂದ ಬಂದಿದ್ದ ಹುಡುಗಿ ನಕ್ಕಳು. "ತಂತಿ ಇಲ್ಲ ಅಂಕಲ್, ಕಂಬಾನೂ ಇಲ್ಲ. ಈ ಗೋಡೆಗಳಲ್ಲಿ ಮೇಜಿಂದ ಕೊನೇ ಕೋಣೆಗೆ ಸಿಗ್ನಲ್ ನೇರ ಹೋಗಲ್ಲ. ಅದಕ್ಕೇ ಎಲ್ಲರ ಕೈಯಲ್ಲಿರೋ ಪಟ್ಟಿಗಳೇ ಕಂಬದ ಕೆಲಸ ಮಾಡ್ತವೆ. ಇವರ ಪಟ್ಟಿ ಹತ್ತಿರದವರ ಪಟ್ಟಿಗೆ ಹೇಳುತ್ತೆ, ಅದು ಮುಂದಿನದಕ್ಕೆ ಹೇಳುತ್ತೆ, ಹಾಗೇ ದಾಟ್ಕೊಂಡು ದಾಟ್ಕೊಂಡು ಮೇಜಿಗೆ ಬರುತ್ತೆ. ಭೂಕಂಪ ಆಗಿ ಟವರೆಲ್ಲ ಬಿದ್ದಾಗ ಜನರನ್ನ ಕಾಪಾಡೋರು ಇದನ್ನೇ ಬಳಸ್ತಾರೆ. ಗಣಿ ಒಳಗೂ ಇದೇ."

"ಕಂಬ ಎದ್ದು ಬಚ್ಚಲಿಗೆ ಹೋದ್ರೆ?"

"ಬೇರೆ ದಾರಿ ಹುಡುಕ್ಕೊಳ್ಳುತ್ತೆ."

"ಬೇರೆ ದಾರಿ ಇಲ್ದಿದ್ರೆ?"

ಹುಡುಗಿ ಚೀಲದ ಜಿಪ್ಪು ಎಳೆದಳು. "ಸಾಮಾನ್ಯವಾಗಿ ಇರುತ್ತೆ ಅಂಕಲ್."

ಸಾಮಾನ್ಯವಾಗಿ ಎಂಬ ಮಾತಿನ ಮೇಲೆ ಲೈನ್‌ಮನ್‌ಗೆ ಎಂದೂ ವಿಶ್ವಾಸವಿರಲಿಲ್ಲ. ಸಾಮಾನ್ಯವಾಗಿ ಕರೆಂಟ್ ಇರಲ್ಲ ಎಂದವರ ಮಾತು ಕೇಳಿ ಕಂಬ ಹತ್ತಿದ ಇಬ್ಬರನ್ನು ಅವನು ಕೆಳಗಿಳಿಸಿ ಮಲಗಿಸಿದ್ದ.

ಅವನ ಅನುಮಾನ ನಿಜವಾಗಲು ಮೂರು ವಾರ ಬೇಕಾಯಿತು. ನಿಲಯದಲ್ಲಿ ಒಂದರಿಂದ ನಾಲ್ಕರವರೆಗೆ ವಿಶ್ರಾಂತಿಯ ಹೊತ್ತು. ಹೆಂಗಸರ ಕೋಣೆಗಳಲ್ಲಿ ಆಗ ಗಂಡಸರು ಇರಕೂಡದು. ಲೈನ್‌ಮನ್ ಎದುರು ಬೀದಿಗೆ ಹೋಗಿ ಉಂಡು ಅಡ್ಡಾಗಿದ್ದ. ನಾಲ್ಕಕ್ಕೆ ಬಂದು ನೋಡಿದರೆ ಹೆಂಡತಿ ಮಂಚಕ್ಕೂ ಗೋಡೆಗೂ ನಡುವೆ ನೆಲದ ಮೇಲೆ ಬಿದ್ದಿದ್ದಾಳೆ. ಒಂದೂವರೆ ಗಂಟೆ ಹೊತ್ತು ಹಾಗೇ ಬಿದ್ದಿದ್ದಳೆಂದು ಆಮೇಲೆ ಪಟ್ಟಿಯಿಂದಲೇ ತಿಳಿಯಿತು. ಸೀರೆ ಒದ್ದೆಯಾಗಿತ್ತು, ಹಣೆಯ ರಕ್ತ ಹೆಪ್ಪುಗಟ್ಟಿತ್ತು. ಬಿದ್ದ ಸುದ್ದಿ ಪಟ್ಟಿಗೆ ಗೊತ್ತು. ಅದು ಕೂಗಿ ಕೂಗಿ ಹೇಳಿತ್ತು. ಕೇಳಿಸಿಕೊಳ್ಳಲು ಮುಂದೆ ಯಾರೂ ಇರಲಿಲ್ಲ, ಅಷ್ಟೇ. ಆಕೆ ಗಂಡನನ್ನು ನೋಡಿ ಸಿಟ್ಟು ಮಾಡಲಿಲ್ಲ. "ಬಂದ್ರಾ?" ಎಂದು ಮಾತ್ರ ಕೇಳಿದಳು. ಆ ಒಂದು ಮಾತಿಗೆ ಅವನು ಎಷ್ಟೋ ರಾತ್ರಿ ನಿದ್ದೆ ಕಳೆದುಕೊಂಡ.

ಮಾರನೆಯ ದಿನದಿಂದ ಲೈನ್‌ಮನ್ ತನಗೆ ಗೊತ್ತಿದ್ದ ಒಂದೇ ವಿದ್ಯೆಯನ್ನು ಪ್ರಯೋಗಿಸಿದ. ಲೈನು ನಡೆದ. ತಂತಿಯಿಲ್ಲದ ಲೈನನ್ನು ನಡೆಯುವುದು ಹೇಗೆ ಎಂದು ನಗಬೇಡಿ. ಸಿಸ್ಟರ್ ಮೇಜಿನ ಪರದೆಯ ಮೇಲೆ ಒಬ್ಬೊಬ್ಬರಿಗೂ ಒಂದೊಂದು ಚುಕ್ಕೆ, ಕೇಳಿಸುತ್ತಿದ್ದರೆ ಹಸಿರು, ಇಲ್ಲದಿದ್ದರೆ ಬೂದು. ಅವನು ಚುಕ್ಕೆ ನೋಡುವುದು, ಓಣಿಯಲ್ಲಿ ಹೋಗಿ ಯಾರು ಎಲ್ಲಿದ್ದಾರೆಂದು ಇಣುಕುವುದು, ಮತ್ತೆ ಬಂದು ಚುಕ್ಕೆ ನೋಡುವುದು. ಬೆಳಗ್ಗೆ ತೊಂದರೆಯಿಲ್ಲ, ಮುದುಕರು ಮುದುಕಿಯರು ಓಣಿಯ ತುಂಬ ಅಡ್ಡಾಡುತ್ತಾರೆ, ಹತ್ತು ದಾರಿ ಇರುತ್ತವೆ. ಊಟದ ಮನೆಯಲ್ಲಿ ಎಲ್ಲ ಸೇರಿದಾಗ ಒಂದು ಬಗೆಯ ಗೋಳು, ನಲವತ್ತು ಪಟ್ಟಿಗಳೂ ಒಟ್ಟಿಗೆ ಬಾಯಿ ಹಾಕಿ ಯಾರ ಮಾತೂ ಯಾರಿಗೂ ತಲುಪದೆ ತಡವಾಗುತ್ತದೆ. ಆದರೆ ಅಲ್ಲಿ ಬಿದ್ದರೆ ನೋಡುವ ಕಣ್ಣುಗಳಿವೆ. ರಾತ್ರಿ ಓಣಿಯ ಕೊನೆಯಲ್ಲೇ ಆಯಮ್ಮ ಮಲಗುತ್ತಾಳೆ. ಕುತ್ತು ಇದ್ದದ್ದು ಒಂದರಿಂದ ನಾಲ್ಕರ ನಡುವೆ. ಆಗ ಎಲ್ಲರೂ ತಂತಮ್ಮ ದಪ್ಪ ಗೋಡೆಗಳ ಹಿಂದೆ ಸೇರಿಕೊಂಡಿರುತ್ತಾರೆ. ಓಣಿಯ ಎರಡೂ ತೋಳುಗಳಿಗೆ ಮುಖ ಮಾಡಿದ್ದು ತಿರುವಿನಲ್ಲಿದ್ದ ಹನ್ನೊಂದನೇ ಕೋಣೆಯೊಂದೇ. ಒಂದೂಕಾಲು ಹೊಡೆಯುತ್ತಲೇ ಹನ್ನೊಂದರ ಚುಕ್ಕೆ ಬೂದಾಗುತ್ತಿತ್ತು. ಅದರೊಡನೆ ಹನ್ನೆರಡರಿಂದ ಹತ್ತೊಂಬತ್ತರವರೆಗೂ ಕತ್ತಲೆ.

ಹನ್ನೊಂದರಲ್ಲಿ ಇದ್ದವರು ವಾಚಜ್ಜ. ಅರವತ್ತು ವರ್ಷ ವಾಚು ರಿಪೇರಿ ಮಾಡಿದವರು. ಈಗ ಕೈ ನಡುಗುತ್ತಿತ್ತು, ನಾಲಿಗೆ ಮಾತ್ರ ಮುಳ್ಳಿನಷ್ಟು ಚೂಪಾಗಿತ್ತು. ಲೈನ್‌ಮನ್ ಬಾಗಿಲಲ್ಲಿ ನಿಂತು ನೋಡಿದ. ವಾಚಜ್ಜ ಮಲಗುವ ಮುಂಚೆ ಪಟ್ಟಿ ಬಿಚ್ಚಿದರು, ಬಟ್ಟೆಯಲ್ಲಿ ಒರೆಸಿದರು, ತಮ್ಮ ಹಳೆಯ ಸ್ಟೀಲಿನ ಡಬ್ಬಿಯಲ್ಲಿಟ್ಟು ಮುಚ್ಚಳ ಒತ್ತಿ ಮುಚ್ಚಿದರು.

"ಅಣ್ಣಾ, ಅದನ್ನ ಯಾಕೆ ಡಬ್ಬಿಗೆ ಹಾಕ್ತೀರಿ?"

"ಕೈಯಿಂದ ಬಿಚ್ಚಿದ್ದನ್ನ ಮೇಜಿನ ಮೇಲೆ ಬಿಡೋನು ವಾಚಿನ ಕಸುಬಿನವನೇ ಅಲ್ಲ. ಧೂಳು ಹೋಗಲ್ವೇ?"

ಉಕ್ಕಿನ ಡಬ್ಬಿಯಿಂದ ಮಾತು ಹೊರಗೆ ಬರುವುದಿಲ್ಲ ಎಂದು ಲೈನ್‌ಮನ್‌ಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅರವತ್ತು ವರ್ಷದ ಒಳ್ಳೆಯ ಅಭ್ಯಾಸವೊಂದು ತನ್ನ ಹೆಂಡತಿಯನ್ನು ಒಂದೂವರೆ ಗಂಟೆ ನೆಲದ ಮೇಲೆ ಮಲಗಿಸಿತ್ತು. ಬೈಯುವುದಾದರೂ ಯಾರನ್ನು?

ಅವನು ಮೊದಲು ಮೇನೇಜರ್ ಹತ್ತಿರ ಹೋದ. ತಿರುವಿನಲ್ಲಿ ಗೋಡೆಗೆ ಕರೆ ದಾಟಿಸುವ ಪೆಟ್ಟಿಗೆಯೊಂದನ್ನು ಹಾಕಿಸಿ ಎಂದ. ಮೇಲಿನವರಿಗೆ ಬರೆದಿದ್ದೇವೆ ಎಂದರು. ಹೋಗಲಿ, ಒಂದು ಹೆಚ್ಚುವರಿ ಪಟ್ಟಿಯನ್ನಾದರೂ ಮೊಳೆಗೆ ನೇತುಹಾಕಿ ಎಂದ. ನೇತುಹಾಕಿದರು. ಹತ್ತು ನಿಮಿಷಕ್ಕೆ ಮೇಜಿನ ಮೇಲೆ ಗಂಟೆ ಬಡಿದುಕೊಂಡಿತು, ಇಬ್ಬರು ಸಿಸ್ಟರುಗಳು ಆಕ್ಸಿಜನ್ ಹಿಡಿದು ಓಡಿಬಂದರು. ನಾಡಿ ಸಿಗದ ಪಟ್ಟಿಯನ್ನು ನೋಡಿ ಪರದೆಯು ಗೋಡೆ ಸತ್ತುಹೋಗಿದೆ ಎಂದು ಸಾರಿತ್ತು. "ನನ್ನ ಕೈಗೇ ಕಟ್ಟಿ, ಅಲ್ಲೇ ನಿಂತಿರ್ತೀನಿ" ಎಂದ ಲೈನ್‌ಮನ್. "ಪಟ್ಟಿ ಬೇಕಂದ್ರೆ ನೀವೂ ಇಲ್ಲಿ ದಾಖಲಾಗ್ಬೇಕಾಗುತ್ತೆ" ಎಂದರು ಮೇನೇಜರ್. ಅವರು ತಮಾಷೆಗೆ ಹೇಳಿದರೋ ಏನೋ, ಅವನಿಗೆ ನಗು ಬರಲಿಲ್ಲ.

ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇನ್ನು ಉಳಿದದ್ದು ಪೂಜಾರಿಯ ಕಾಲು ಹಿಡಿಯುವುದೊಂದೇ. ಲೈನ್‌ಮನ್ ವಾಚಜ್ಜನ ಮುಂದೆ ಕೂತು ಇದ್ದದ್ದನ್ನೆಲ್ಲ ಹೇಳಿದ. ಅಜ್ಜ ಎಲ್ಲ ಕೇಳಿ ಕೈ ಮುಂದೆ ಚಾಚಿದರು.

"ಮುಟ್ಟಿ ನೋಡಿ, ಹೆಂಗೆ ಬೆಚ್ಚಗಾಗುತ್ತೆ. ಬೇರೆಯವರ ಪಟ್ಟಿ ನಾಲ್ಕು ದಿನ ಬರುತ್ತಂತೆ, ನಂದು ಒಂದೂವರೆ ದಿನಕ್ಕೆ ಖಾಲಿ. ಊರವರ ಹೊರೆಯೆಲ್ಲ ನನ್ನ ಮಣಿಕಟ್ಟಿನ ಮೇಲೆ. ನಾನು ಕರೆದ್ರೆ ಒಬ್ಬರೂ ಬರಲ್ಲ, ಊರವರ ಕರೆನೆಲ್ಲ ನಾನು ದಾಟಿಸ್ಬೇಕಾ?"

"ಕೈ ಮುಗೀತೀನಿ ಅಣ್ಣಾ. ಮಧ್ಯಾಹ್ನ ಮೂರು ಗಂಟೆ ಹೊತ್ತು ಕಟ್ಕೊಂಡಿರಿ ಸಾಕು. ಚಾರ್ಜು ನಾನು ಮಾಡಿಸ್ತೀನಿ."

ವಾಚಜ್ಜ ಕಿಟಕಿಯ ಕಡೆ ನೋಡಿದರು. ಆಮೇಲೆ ಕೊಂಚ ಮೆತ್ತಗಿನ ದನಿಯಲ್ಲಿ, "ಎಚ್ಚರ ಇದ್ರೆ ತಾನೇ ಕಟ್ಕೊಂಡಿರೋದು. ಒಬ್ಬನೇ ಕೂತ್ರೆ ನಿದ್ದೆ ಬರುತ್ತೆ. ಇಸ್ಪೀಟು ಬರುತ್ತಾ ನಿಮಗೆ?" ಎಂದರು.

ಹೀಗೆ ಕರಾರಾಯಿತು. ಬೆಳಗ್ಗೆ ಹತ್ತರಿಂದ ಒಂದರವರೆಗೆ ಹೆಂಡತಿಯ ಪಕ್ಕ. ಒಂದರಿಂದ ನಾಲ್ಕರವರೆಗೆ ವಾಚಜ್ಜನೊಡನೆ ಇಸ್ಪೀಟು. ನಾಲ್ಕರ ಮೇಲೆ ಮತ್ತೆ ಹೆಂಡತಿ. ಲೈನ್‌ಮನ್ ಅಜ್ಜನ ಪಟ್ಟಿಯನ್ನು ಊಟಕ್ಕೆ ಮುಂಚೆ ಚಾರ್ಜಿಗೆ ಹಾಕುತ್ತಿದ್ದ, ಊಟಕ್ಕೆ ಕೂರಿಸುತ್ತಿದ್ದ, ಅಜ್ಜ ತೂಕಡಿಸಿದರೆ "ಅಣ್ಣಾ, ನಿಮ್ಮಾಟ" ಎಂದು ಎಬ್ಬಿಸುತ್ತಿದ್ದ. ಬೇಕೆಂದೇ ಸೋಲುತ್ತಿದ್ದ. ಗೆದ್ದವರಿಗೆ ನಿದ್ದೆ ಬರುವುದಿಲ್ಲ ಎಂಬುದು ಅವನ ಲೆಕ್ಕ. ಅಜ್ಜನಿಗೆ ಜ್ವರ ಬಂದರೆ ಇವನಿಗೆ ನಡುಕ. ಒಂದು ಭಾನುವಾರ ಅಜ್ಜನ ಮಗಳು ಬಂದು ಒಂದು ವಾರ ಮನೆಗೆ ಕರೆದೊಯ್ಯುತ್ತೇನೆ ಎಂದಾಗ, ಅಜ್ಜನ ಮುಖ ಅರಳಿದ್ದನ್ನು ನೋಡಿಯೂ ಲೈನ್‌ಮನ್ ಮನಸ್ಸಿನಲ್ಲೇ ಬೇಡ ಬೇಡ ಎಂದುಕೊಂಡ. ಮಗಳು ಏಕೋ ಕರೆದೊಯ್ಯಲಿಲ್ಲ. ಅಜ್ಜ ಅವತ್ತೆಲ್ಲ ಮಂಕಾಗಿದ್ದರು, ಇವನಿಗೆ ಒಳಗೊಳಗೇ ನೆಮ್ಮದಿ. ಇಂಥ ನೀಚತನ ತನ್ನಲ್ಲಿತ್ತೇ ಎಂದು ಅವನಿಗೇ ಹೇಸಿಗೆಯಾಯಿತು.

ಆ ದಿನಗಳಲ್ಲೇ ಮಧ್ಯಾಹ್ನದ ಮೇಜಿಗೆ ಹೊಸ ಸಿಸ್ಟರ್ ಬಂದಳು. ಒಂದರಿಂದ ನಾಲ್ಕರವರೆಗೆ ಇಲ್ಲಿ, ಆಮೇಲೆ ಮಹಡಿಯ ವಾರ್ಡು. ಚುರುಕಿನ ಹುಡುಗಿ. ದಿನಕ್ಕೆರಡು ಮೂರು ಸಲ ಅವಳ ಚಪ್ಪಲಿಯ ಸದ್ದು ಹನ್ನೊಂದರ ಬಾಗಿಲು ದಾಟಿ ಆಚೆಗೆ ಹೋಗುತ್ತಿತ್ತು. ಮೊದಮೊದಲು ಲೈನ್‌ಮನ್ ಎದೆ ಹಿಡಿದುಕೊಂಡು ಎದ್ದು ಬಂದು, "ಏನಾಯ್ತು ಸಿಸ್ಟರ್, ಯಾರಾದ್ರೂ ಬಿದ್ರಾ?" ಅನ್ನುತ್ತಿದ್ದ. "ಯಾರೂ ಬಿದ್ದಿಲ್ಲ, ಏನಿಲ್ಲ, ನೀವು ಕೂತ್ಕೊಳ್ಳಿ" ಎಂದು ಅವಳು ನಗುತ್ತಿದ್ದಳು. ಯಾರೂ ಬಿದ್ದಿಲ್ಲ ಎಂಬುದೇ ಅವನಿಗೆ ಬೇಕಾಗಿದ್ದ ಮಾತು. ಆ ಕಡೆ ಎಂಟು ಕೋಣೆಗಳಿದ್ದವು, ಯಾರಿಗೆ ನೀರು ಬೇಕೋ ಯಾರಿಗೆ ಬಚ್ಚಲು ಬೇಕೋ. ಆಮೇಲಾಮೇಲೆ ಅವನು ಏಳುವುದನ್ನೂ ಬಿಟ್ಟ.

ನಾಲ್ಕಕ್ಕೆ ಹೋದಾಗ ಹೆಂಡತಿ, "ಎಲ್ಲಿ ಹೋಗಿದ್ರಿ?" ಅನ್ನುತ್ತಿದ್ದಳು.

"ಎಲ್ಲೂ ಇಲ್ಲ ಕಣೇ, ಇಲ್ಲೇ ಇದ್ದೆ" ಅನ್ನುತ್ತಿದ್ದ. ಅದು ಸುಳ್ಳೂ ಅಲ್ಲ.

ಮೂರು ತಿಂಗಳು ಕಳೆದವು. ಆಕೆ ಒಮ್ಮೆಯೂ ಬೀಳಲಿಲ್ಲ. ಮಾತು ಮಾತ್ರ ಕಡಿಮೆಯಾಯಿತು. ಮೊದಲು ಎಲ್ಲಿ ಹೋಗಿದ್ರಿ ಅನ್ನುತ್ತಿದ್ದವಳು ಈಗ ಅವನು ಬಂದು ಕೂತರೂ ಗೋಡೆ ನೋಡುತ್ತಿದ್ದಳು. ಕಾಯಿಲೆ ಮುಂದುವರಿಯುತ್ತಿದೆ, ಹೀಗೇ ಆಗುವುದು ಎಂದರು ಡಾಕ್ಟರು. ಲೈನ್‌ಮನ್ ಒಪ್ಪಿಕೊಂಡ. ಒಪ್ಪದೆ ಏನು ಮಾಡುತ್ತಾನೆ?

ಕೊನೆಗೂ ಮೇಲಿನವರು ಕಣ್ಣು ಬಿಟ್ಟರು. ತಿರುವಿನ ಗೋಡೆಗೆ ಬಿಳಿಯ ಪೆಟ್ಟಿಗೆ ಬಂತು. ಅದನ್ನು ಕೂರಿಸಲು ಪಟ್ಟಿ ಕಂಪನಿಯ ಅದೇ ಹುಡುಗಿ ಬಂದಿದ್ದಳು. ಮಧ್ಯಾಹ್ನ ಎರಡು ಗಂಟೆಯ ಹೊತ್ತು. ಸಿಸ್ಟರ್ ಮೇಜಿನ ಹತ್ತಿರ ಅವಳು ಕಂಪ್ಯೂಟರಿನಲ್ಲಿ ಹಳೆಯ ದಾಖಲೆ ತೆರೆದು ಲೈನ್‌ಮನ್‌ನನ್ನು ಕರೆದಳು. ಅವನ ಹಟದಿಂದಲೇ ಪೆಟ್ಟಿಗೆ ಬಂದದ್ದೆಂದು ಅವಳಿಗೆ ಗೊತ್ತಿತ್ತು.

"ನೋಡಿ ಅಂಕಲ್, ನಿಮ್ಮ ವಾಚಜ್ಜ ಎಷ್ಟು ಕೆಲಸ ಮಾಡಿದಾರೆ. ಈ ಮೂರು ತಿಂಗಳಲ್ಲಿ ಹತ್ತೊಂಬತ್ತನೇ ಕೋಣೆಯಿಂದಲೇ ಇನ್ನೂರ ಹದಿನಾಲ್ಕು ಕರೆ, ಎಲ್ಲ ಅವರ ಪಟ್ಟಿ ಮೇಲೆ ದಾಟಿದೆ. ಒಂದೂ ತಪ್ಪಿಲ್ಲ."

ಲೈನ್‌ಮನ್‌ಗೆ ಅರ್ಥವಾಗಲಿಲ್ಲ. "ಹತ್ತೊಂಬತ್ತರಲ್ಲಿ ಇನ್ನೊಬ್ಬರಿದ್ದಾರಲ್ಲ, ಅವರದಿರಬೇಕು."

"ಇಲ್ಲ, ಕಿಟಕಿ ಪಕ್ಕದ ಮಂಚ. ಗುಂಡಿ ಒತ್ತಿರೋದು. ಎಲ್ಲ ಒಂದರಿಂದ ನಾಲ್ಕರ ಒಳಗೆ."

ಕಿಟಕಿ ಪಕ್ಕದ ಮಂಚ ಅವನ ಹೆಂಡತಿಯದು. ಮೇಜಿನ ಹಿಂದೆ ಕೂತಿದ್ದ ಹೊಸ ಸಿಸ್ಟರ್ ತಲೆಯೆತ್ತಿದಳು. "ಅಯ್ಯೋ ಅವರಾ? ಪಾಪ, ದಿನಾ ಕರೀತಿದ್ರು. ತೊಂದ್ರೆ ಏನೂ ಇರ್ತಿರಲಿಲ್ಲ. ನಮ್ಮ ಯಜಮಾನ್ರು ಎಲ್ಲಿ, ಕರೀರಿ ಅಂತ ಅಷ್ಟೇ. ಸಂಜೆ ಬರ್ತಾರೆ ಅಂತ ಹೇಳಿ ಮಲಗಿಸಿ ಬರ್ತಿದ್ದೆ." ಅವಳು ಪರದೆಯನ್ನು ಅವನ ಕಡೆಗೆ ತಿರುಗಿಸಿದಳು. ಒಂದೊಂದು ಕರೆಯ ಮುಂದೆಯೂ ಅವಳೇ ಬರೆದಿದ್ದಳು: ತೊಂದರೆ ಇಲ್ಲ, ಗಂಡನನ್ನು ಕೇಳುತ್ತಾರೆ, ಗಂಡ ಇಲ್ಲಿಲ್ಲ. ಸಾಲು ಸಾಲಾಗಿ ಅದೇ ಮಾತು.

"ನಾನು ಇಲ್ಲೇ ಇದ್ದೆನಲ್ಲಮ್ಮಾ" ಎಂದ ಲೈನ್‌ಮನ್. "ಹನ್ನೊಂದರಲ್ಲಿ. ಅವಳ ಯಜಮಾನ ನಾನೇ."

ಸಿಸ್ಟರ್ ಮುಖದ ಬಣ್ಣ ಇಳಿಯಿತು. "ನೀವು ವಾಚಜ್ಜನ ತಮ್ಮ ಅಲ್ವಾ? ದಿನಾ ಅವರ ಜೊತೆನೇ ಇರ್ತೀರಿ, ನಾನು ಬರೋ ಹೊತ್ತಿಗೆ ಊಟ ಮಾಡಿಸಿರ್ತೀರಿ, ಚಾರ್ಜ್ ಆದ ಪಟ್ಟಿ ಕೈಗೆ ಕಟ್ತಿರ್ತೀರಿ... ನಾನು ಹಾಗೇ ಅಂದ್ಕೊಂಡಿದ್ದೆ. ಗೊತ್ತಿದ್ರೆ ಮೊದಲನೇ ದಿನಾನೇ ಕರೀತಿದ್ದೆ. ಹಾಗೆ ಕೇಳೋರಿದ್ರೆ ಮನೆಯವರನ್ನ ಯಾವ ಹೊತ್ತಲ್ಲಾದ್ರೂ ಒಳಗೆ ಬಿಡಿ ಅಂತ ಡಾಕ್ಟರೇ ಹೇಳಿದಾರೆ."

ಲೈನ್‌ಮನ್ ಪರದೆಯ ಸಾಲುಗಳನ್ನು ಇನ್ನೊಮ್ಮೆ ಓದಿದ. ಇನ್ನೂರ ಹದಿನಾಲ್ಕು ಸಲ ಆಕೆ ಅವನನ್ನು ಕರೆದಿದ್ದಳು. ಪ್ರತಿಯೊಂದು ಕರೆಯೂ ಅವನ ಕಣ್ಣೆದುರಿನ ಮಣಿಕಟ್ಟನ್ನು, ಅವನೇ ಚಾರ್ಜು ಮಾಡಿ ಕಟ್ಟಿದ ಪಟ್ಟಿಯನ್ನು ದಾಟಿ ಹೋಗಿತ್ತು. ಅದೇ ಗಳಿಗೆಯಲ್ಲಿ ಅವನು ಎಲೆ ಎಸೆದು "ಅಣ್ಣಾ, ನಿಮ್ಮಾಟ" ಎಂದಿರಬೇಕು. ಬೈಯಲು ಅವನು ಒಬ್ಬರನ್ನಾದರೂ ಹುಡುಕಿ ನೋಡಿದ. ಪಟ್ಟಿ ಕಂಪನಿಯ ಹುಡುಗಿಯ ತಪ್ಪಿಲ್ಲ, ಸಿಸ್ಟರ್ ಕರೆ ಬಂದಾಗಲೆಲ್ಲ ಓಡಿದ್ದಾಳೆ, ವಾಚಜ್ಜ ಕೊಟ್ಟ ಮಾತು ನಡೆಸಿದ್ದಾರೆ.

"ಇವತ್ತು ಕರೆದಿದ್ಲಾ?" ಎಂದ.

ಸಿಸ್ಟರ್ ತಲೆ ತಗ್ಗಿಸಿದಳು. "ಇಲ್ಲ. ಒಂಬತ್ತು ದಿನ ಆಯ್ತು, ಒತ್ತೋದು ನಿಲ್ಲಿಸಿಬಿಟ್ಟಿದಾರೆ. ಸಮಾಧಾನ ಆಗಿದಾರೆ ಅಂದ್ಕೊಂಡೆ."

ವಿಶ್ರಾಂತಿಯ ಹೊತ್ತಾಗಿದ್ದರೂ ಯಾರೂ ಅವನನ್ನು ತಡೆಯಲಿಲ್ಲ. ಹನ್ನೊಂದರ ಬಾಗಿಲಲ್ಲಿ ವಾಚಜ್ಜ ಇಸ್ಪೀಟು ಕಲಸಿಕೊಂಡು ಕಾಯುತ್ತಿದ್ದರು, "ಏನ್ರೀ, ಲೇಟು" ಎಂದರು. ಅವನು ನಿಲ್ಲಲಿಲ್ಲ. ಮಂಡಿ ನೋವನ್ನೂ ಮರೆತು ಓಣಿಯ ಕೊನೆಯವರೆಗೆ ಹೋದ.

ಆಕೆ ಎಚ್ಚರವಾಗಿದ್ದಳು. ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಲೈನ್‌ಮನ್ ಮಂಚದ ಅಂಚಿನಲ್ಲಿ ಕೂತು ಆಕೆಯ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡ. ಆಕೆಯ ಇನ್ನೊಂದು ಕೈಯ ಹೆಬ್ಬೆರಳನ್ನು ಹಿಡಿದು ಗುಂಡಿಯ ಮೇಲಿಟ್ಟ.

"ಒತ್ತು ನೋಡೋಣ" ಎಂದ. "ನಾನು ಇಲ್ಲೇ ಇದೀನಿ. ಒಂದ್ಸಲ ಒತ್ತು."

ಆಕೆ ಬೆರಳನ್ನು ಮೆಲ್ಲಗೆ ಬಿಡಿಸಿಕೊಂಡಳು. ಎಷ್ಟೋ ದಿನದ ಮೇಲೆ ಅವನ ಮುಖವನ್ನು ನೇರವಾಗಿ ನೋಡಿದಳು.

"ಇದು ಸರಿಯಿಲ್ಲ ರೀ" ಎಂದಳು. "ನಿಮ್ಮನ್ನ ಕರೆದ್ರೆ ಬೇರೆ ಯಾರೋ ಬರ್ತಾರೆ."

ಲೈನ್‌ಮನ್ ಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. ಹಸಿರು ದೀಪ ಉರಿಯುತ್ತಿತ್ತು, ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ.

"ನೋಡ್ತೀನಿ ಕಣೇ" ಎಂದ.